ದಿನಾಂಕ ಬಿಡಿ, ಮೂಗನ್ನು ನಂಬಿ ಎಂದವರಿಗೆ

ಆಹಾರ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಬೀದಿಯಲ್ಲಿದ್ದ ನಿಮ್ಮ ಇಲಾಖೆಯ ಸಹಕಾರಿ ಅಂಗಡಿಯನ್ನು ಮುಚ್ಚಿಸಿದಿರಿ. ಅದರ ಬದಲಿಗೆ ಮನೆಮನೆಗೂ ಒಂದು ಕರಪತ್ರ ಹಂಚಿಸಿದಿರಿ. ಆ ಕರಪತ್ರದ ಒಂದು ಸಾಲನ್ನು ನಂಬಿ ನನ್ನ ಹೆಂಡತಿ ಆಸ್ಪತ್ರೆ ಸೇರಿದಳು. ಈಗ ಮನೆಗೆ ಬಂದಿದ್ದಾಳೆ, ಆದರೆ ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಒಂದು ತುತ್ತನ್ನೂ ಬಾಯಿಗಿಡುವುದಿಲ್ಲ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಇದರ ವಿವರಣೆ. ಪುರುಸೊತ್ತಿದ್ದರೆ ಓದಿ, ಇಲ್ಲದಿದ್ದರೂ ಓದಿ.

ಕರಪತ್ರದ ಹೆಸರು ‘ಇಬ್ಬರ ಸಂಸಾರ, ಹಗುರ ಖರ್ಚು’. ಮೇಲೆ ಗಂಡಹೆಂಡತಿ ತರಕಾರಿ ಬುಟ್ಟಿ ಹಿಡಿದು ನಗುತ್ತಿರುವ ಚಿತ್ರ. ಏನನ್ನು ನೋಡಿ ನಗುತ್ತಿದ್ದಾರೋ ಗೊತ್ತಿಲ್ಲ, ತರಕಾರಿಯ ಬೆಲೆಯನ್ನಂತೂ ಅಲ್ಲ. ಮೊದಲ ಸಲಹೆ: ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿ. ಆಹಾ! ಉಂಡು ಹೋಗಲು ಮನೆಯಲ್ಲಿ ಏನಾದರೂ ಇರಬೇಕಲ್ಲ ಸ್ವಾಮಿ? ಇದ್ದಿದ್ದರೆ ಅಂಗಡಿಗೆ ಯಾಕೆ ಹೋಗುತ್ತಿದ್ದೆವು? ಎರಡನೆಯದು: ದೊಡ್ಡ ಚೀಲವನ್ನೇ ಕೊಳ್ಳಿ, ಅಗ್ಗವಾಗುತ್ತದೆ. ಅಗ್ಗವಾಯಿತು, ಸುಳ್ಳು ಹೇಳಬಾರದು. ದೊಡ್ಡ ಚೀಲದಲ್ಲಿ ಬೇಳೆ ತಂದೆವು. ತಿನ್ನುವವರು ಇಬ್ಬರೇ, ಚೀಲ ಅರ್ಧಕ್ಕೆ ಬರುವಷ್ಟರಲ್ಲಿ ಹುಳಗಳು ಅದರೊಳಗೆ ಸಂಸಾರ ಹೂಡಿದವು, ಅವು ನಮ್ಮ ಹಾಗೆ ಇಬ್ಬರಿಗೇ ನಿಲ್ಲಲಿಲ್ಲ. ಇನ್ನೊಂದು: ತರಕಾರಿ ಸಿಪ್ಪೆ ಎಸೆಯಬೇಡಿ, ಸತ್ವವೆಲ್ಲ ಅದರಲ್ಲೇ ಇದೆ. ಇದನ್ನು ಓದಿ ನನ್ನ ಹೆಂಡತಿ, “ಅಲ್ಲಾ ರೀ, ಇವರ ಮನೇಲಿ ಸಿಪ್ಪೆ ಒಳಗಿರೋದನ್ನ ಯಾರು ತಿಂತಾರಂತೆ?” ಎಂದು ಕೇಳಿದಳು. ಆವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೂ ಕೊನೆಯಲ್ಲಿ ಅಚ್ಚು ಹಾಕಿಸಿದ್ದೀರಿ. ಒಳ್ಳೆಯ ಗಾದೆ. ಆದರೆ ಹಾಸಿಗೆಯನ್ನೇ ಸುತ್ತಿಕೊಂಡು ಹೊರಟವರು ಕಾಲು ಎಷ್ಟು ಚಾಚಬೇಕೆಂದು ಪಾಠ ಹೇಳಬಹುದೇ? ಸಹಕಾರಿ ಅಂಗಡಿ ಇದ್ದಾಗ ನಮಗೆ ಕರಪತ್ರ ಬೇಕಿರಲಿಲ್ಲ. ನಾನು ಲಿಫ್ಟ್ ರಿಪೇರಿಯವನು, ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಾಳೆ. ಬೇಕಾದಷ್ಟು ಬೇಕಾದಾಗ ತರುತ್ತಿದ್ದೆವು. ಹಿಡಿ ಬೇಳೆ ಕೇಳಿದರೂ ಅಂಗಡಿಯ ಅಕ್ಕ ಮುಖ ಸಿಂಡರಿಸದೆ ಅಳೆದು ಕೊಡುತ್ತಿದ್ದಳು. ನೀವು ಅಂಗಡಿ ಮುಚ್ಚಿ ದುಡ್ಡು ಉಳಿಸಿದಿರಿ, ಈಗ ನಾವು ಸಿಪ್ಪೆ ತಿಂದು ಉಳಿಸಬೇಕು. ಎರಡಕ್ಕೂ ನಿಮ್ಮ ಕರಪತ್ರದಲ್ಲಿ ಒಂದೇ ಹೆಸರು, ಮಿತವ್ಯಯ!

ಇನ್ನು ಆ ಸಾಲಿಗೆ ಬರುತ್ತೇನೆ. “ಅವಧಿ ಮುಗಿಯುತ್ತಿರುವ ಪದಾರ್ಥಗಳು ಅರ್ಧ ಬೆಲೆಗೆ ಸಿಗುತ್ತವೆ. ದಿನಾಂಕ ನೋಡಿ ಹಿಂಜರಿಯಬೇಡಿ, ನಿಮ್ಮ ಮೂಗನ್ನು ನಂಬಿ. ಕೆಟ್ಟ ವಾಸನೆ ಬಾರದಿದ್ದರೆ ಧಾರಾಳವಾಗಿ ಬಳಸಿ.” ಬರೆದವರಿಗೆ ನೆಟ್ಟಗಿನ ಮೂಗಿದೆ, ಸಂತೋಷ. ನನ್ನ ಹೆಂಡತಿಗೆ ಇಲ್ಲ. ಮೂರು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳ ವಾಸನೆಯ ಶಕ್ತಿಯನ್ನೂ ಜೊತೆಗೆ ಒಯ್ದಿತು. ಒಲೆಯ ಮೇಲಿನ ಹಾಲು ಸೀದು ಹೊಗೆ ಕಣ್ಣಿಗೆ ಬಡಿಯುವವರೆಗೂ ಅವಳಿಗೆ ತಿಳಿಯುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ: ಹಾಲು, ಮೊಟ್ಟೆ, ಮೀನು, ನಿನ್ನೆಯ ಅನ್ನ, ಯಾವುದಾದರೂ ಸರಿ, ನಾನು ಮೂಸಿ ‘ಹೂಂ’ ಅಂದ ಮೇಲೆ ಅಡುಗೆ. ನಾನು ಇಲ್ಲದಿದ್ದರೆ ಆ ಕೆಲಸ ಅಂಗಡಿಯ ಅಕ್ಕನದು. ತಾನೇ ಮೂಸಿ ನೋಡಿ, “ಇದು ಬೇಡ ಕಣವ್ವ, ಆ ಕಡೇದು ತಗೋ” ಎಂದು ಎತ್ತಿಡುತ್ತಿದ್ದಳು. ಇಂಥ ಸೇವೆ ನಿಮ್ಮ ಇಲಾಖೆಯಲ್ಲಿ ನಡೆಯುತ್ತಿತ್ತು ಎಂಬುದು ನಿಮಗೆ ಗೊತ್ತಿತ್ತೇ? ಗೊತ್ತಿದ್ದಿದ್ದರೆ ಇನ್ನೂ ಬೇಗ ಮುಚ್ಚಿಸುತ್ತಿದ್ದಿರೇನೋ.

ಅಂಗಡಿ ಹೋದ ಮೇಲೆ ಅವಳು ದೊಡ್ಡ ರಸ್ತೆಯ ಮಾಲ್‌ಗೆ ಹೋಗತೊಡಗಿದಳು. ಅಲ್ಲಿ ಅರ್ಧ ಬೆಲೆಯ ಚೀಟಿ ಅಂಟಿಸಿದ ಮೀನಿನ ಪೊಟ್ಟಣ ಸಿಕ್ಕಿತು, ನಿಮ್ಮ ಸಾಲನ್ನು ನೆನೆದು ಕೈಗೆತ್ತಿಕೊಂಡಳು. ಗಲ್ಲಾದಲ್ಲಿದ್ದ ಹುಡುಗಿಗೆ, “ಸ್ವಲ್ಪ ಬಿಚ್ಚಿ ಮೂಸಿ ನೋಡ್ತೀಯೇನಮ್ಮಾ?” ಎಂದು ಕೇಳಿದಳಂತೆ. “ಹಾಗೆಲ್ಲಾ ಬಿಚ್ಚೋ ಹಾಗಿಲ್ಲ ಆಂಟಿ” ಎಂದು ಉತ್ತರ. ಸರಿ, ಆ ದಿನ ಮಧ್ಯಾಹ್ನ ಊಟಕ್ಕೆ ನಾನು ಬರುವವನಿದ್ದೆನಲ್ಲ ಎಂದು ತಂದಳು. ಆವತ್ತೇ ಒಂದು ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು, ಒಳಗೆ ಜನ. ನಾನು ಫೋನು ಮಾಡಿ, “ತಡ ಆಗುತ್ತೆ ಕಣೇ, ಕಾಯಬೇಡ, ಉಂಡುಬಿಡು” ಅಂದೆ. ಮೀನು ತಂದದ್ದು ನನಗೆ ಗೊತ್ತಿರಲಿಲ್ಲ. ಒಳಗಿದ್ದವರನ್ನೆಲ್ಲ ಕ್ಷೇಮವಾಗಿ ಇಳಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಕೆಳಮನೆಯ ಅಜ್ಜಿಯ ಫೋನು ಬಂತು: “ಬೇಗ ಬಾರೋ ಮಾರಾಯ, ನಿನ್ನ ಹೆಂಡ್ತಿ ಬಚ್ಚಲಲ್ಲಿ ಬಿದ್ದಿದ್ದಾಳೆ.”

ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಳು. ವಾಸನೆ ಗೊತ್ತಿಲ್ಲದೆ ಯಾಕೆ ತಿಂದೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ದಯವಿಟ್ಟು ಎರಡು ಸಲ ಓದಿ. “ಮನೇಲಿ ಬೇರೇನೂ ಇರ್ಲಿಲ್ಲ ರೀ. ನೀವು ಸುಸ್ತಾಗಿ ಬಂದು, ಮೂಸಿ, ಕೆಟ್ಟಿದೆ ಅಂದ್ರೆ ಏನು ಬಡಿಸ್ಲಿ? ನೀವು ಬರೋಷ್ಟರಲ್ಲಿ ಗೊತ್ತಾಗ್ಲಿ ಅಂತ ನಾನೇ ಎರಡು ತುಂಡು ತಿಂದು ನೋಡ್ದೆ. ಮೂಗಿಲ್ಲದಿದ್ರೆ ಏನಂತೆ, ಹೊಟ್ಟೆ ಇದೆಯಲ್ಲ ಅಂದ್ಕೊಂಡೆ.” ಬಯ್ಯಲು ಬಾಯಿ ತೆರೆದೆ. ಅಳು ಬಂತು. ಐವತ್ತು ದಾಟಿದ ಗಂಡಸು, ನಾಲ್ಕು ಜನ ರೋಗಿಗಳ ಎದುರು ಅತ್ತೆ.

ಅವಳು ಚೇತರಿಸಿಕೊಂಡ ಮೇಲೆ ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತರು ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದು ಸಲಹೆ ರೀ, ಆದೇಶ ಅಲ್ಲ. ತಿನ್ನಿ ಅಂತ ಬಲವಂತ ಮಾಡಿದ್ದೀವಾ?” ಎಂದರು. ನಿಜವೇ, ಬಲವಂತ ಮಾಡಲಿಲ್ಲ. ಒಂದು ಬಾಗಿಲು ಮುಚ್ಚಿ, ಇನ್ನೊಂದನ್ನು ಕೈ ಮಾಡಿ ತೋರಿಸಿದಿರಿ, ಅಷ್ಟೇ. ಮೂಗಿಲ್ಲದವರು ಊರಿಗೆಷ್ಟು ಜನ ಎಂದೂ ಅವರು ಕೇಳಿದರು. ನನಗೆ ಗೊತ್ತಿಲ್ಲ. ಆದರೆ ದಿನಾಂಕದ ಸಣ್ಣ ಅಕ್ಷರ ಕಾಣದ ಮುದುಕರಿದ್ದಾರೆ, ಫ್ರಿಜ್ ಇಲ್ಲದ ಒಂದೇ ಕೋಣೆಯ ಮನೆಗಳಿವೆ, ದೊಡ್ಡ ಚೀಲ ಹೊತ್ತು ಮೆಟ್ಟಿಲು ಹತ್ತಲಾಗದವರಿದ್ದಾರೆ. ನಿಮ್ಮ ಚಿತ್ರದ ಜೋಡಿಗೆ ಕಣ್ಣು, ಮೂಗು, ತೋಳ್ಬಲ, ಬಿಡುವು ಎಲ್ಲವೂ ಇದೆ. ಅಂಥವರಿಗೆ ನಿಮ್ಮ ಸಲಹೆಯ ಹಂಗೇನಿದೆ?

ಈಗಿನ ಸ್ಥಿತಿ ಕೇಳಿ. ಅವಳು ಅಡುಗೆ ಮಾಡುತ್ತಾಳೆ, ನನಗೆ ಬಡಿಸುತ್ತಾಳೆ, ನಾನು ಮೂಸಿ, ಉಂಡು, ಸ್ವಲ್ಪ ಹೊತ್ತು ಕೂತ ಮೇಲೆ ತಾನು ತಟ್ಟೆ ಎಳೆದುಕೊಳ್ಳುತ್ತಾಳೆ. ಬೆಳಿಗ್ಗೆ ನಾನೇ ಮೂಸಿ ಮುಚ್ಚಿಟ್ಟುಹೋದ ಅನ್ನವನ್ನೂ ಮಧ್ಯಾಹ್ನ ಮುಟ್ಟುವುದಿಲ್ಲ. ಅಷ್ಟರಲ್ಲಿ ಕೆಟ್ಟಿದ್ದರೆ ಎನ್ನುತ್ತಾಳೆ. ಕೇಳಿದರೆ, “ಹಸಿವಿರ್ಲಿಲ್ಲ ಬಿಡಿ” ಎಂಬ ಸುಳ್ಳು. ಹೊಲಿಗೆ ಯಂತ್ರದ ಮುಂದೆ ಕೂತವಳ ರವಿಕೆ ದಿನೇದಿನೇ ಸಡಿಲವಾಗುತ್ತಿದೆ. ನಮ್ಮ ಮನೆಯ ದಿನಸಿ ಖರ್ಚು ಚೆನ್ನಾಗಿಯೇ ಇಳಿದಿದೆ, ನಿಮ್ಮ ಮುಂದಿನ ಕರಪತ್ರದಲ್ಲಿ ಉದಾಹರಣೆಯಾಗಿ ಹಾಕಿಕೊಳ್ಳಬಹುದು.

ನನಗೆ ಪರಿಹಾರದ ದುಡ್ಡು ಬೇಡ, ವಿಷಾದದ ಪತ್ರವೂ ಬೇಡ. ಆ ಸಾಲನ್ನು ಹೊಡೆದು ಹಾಕಿ, ಹೊಡೆದು ಹಾಕಿದ್ದೇವೆಂದು ಮನೆಮನೆಗೆ ತಿಳಿಸಿ. ನಮ್ಮ ಬೀದಿಯ ಅಂಗಡಿಯ ಬಾಗಿಲು ತೆರೆಸಿ, ಆ ಅಕ್ಕನನ್ನು ಮತ್ತೆ ಅಲ್ಲಿ ಕೂರಿಸಿ. ಅವಳು ‘ಇದು ತಗೋ’ ಎಂದರೆ ನನ್ನ ಹೆಂಡತಿ ನಂಬುತ್ತಾಳೆ, ಅಲ್ಲೇ ನಿಂತು ತಿಂದಾಳು ಕೂಡ. ನಿಮ್ಮ ಕಡತ ಮೇಜಿನಿಂದ ಮೇಜಿಗೆ ಹೋಗಿಬರುವವರೆಗೆ ಅವಳು ದಿನಾ ಮಧ್ಯಾಹ್ನ ಉಪವಾಸ ಇರುತ್ತಾಳೆ. ನಿಮ್ಮ ವಿರುದ್ಧ ಉಪವಾಸ ಕೂತಿದ್ದಾಳೆಂದು ದಯವಿಟ್ಟು ತಿಳಿಯಬೇಡಿ, ಮಾನ್ಯರೇ. ಅವಳಿಗೆ ಅನ್ನ ಕಂಡರೆ ಹೆದರಿಕೆ.

ಇಂತಿ,
ಎರಡು ಹೊಟ್ಟೆಗೆ ಒಂದೇ ಮೂಗಾಗಿ ಉಳಿದ
ಒಬ್ಬ ಲಿಫ್ಟ್ ರಿಪೇರಿಯವ