ನನ್ನ ಅಣ್ಣನಿಗೆ ಕ್ಷಮೆ ಬೇಡ

ಕ್ಷಮಾದಾನದ ಕಡತ ಕಾಯುವ ಮಾನ್ಯರೇ,

ನನ್ನ ಗಂಡನನ್ನು ಕೊಂದ ತಪ್ಪಿಗೆ ನನ್ನ ಅಣ್ಣ ಮುರಗೆಪ್ಪನನ್ನು ಗಲ್ಲಿಗೇರಿಸಲು ಹೊರಟಿದ್ದೀರಿ. ಸಣ್ಣದೊಂದು ತೊಡಕಿದೆ. ನನ್ನ ಗಂಡ ಸಂಗ್ರಾಮ ಈಗ ಪಡಸಾಲೆಯಲ್ಲಿ ಕುಳಿತು ಮೂರನೆಯ ರೊಟ್ಟಿ ಮುರಿಯುತ್ತಿದ್ದಾನೆ, ಪಲ್ಯಕ್ಕೆ ಉಪ್ಪು ಸಾಲದೆಂಬ ತಕರಾರು ಬೇರೆ. ಗಂಡನಿಗೆ ಬಹುವಚನ ಕೊಡುವುದು ನಮ್ಮಲ್ಲಿ ರೂಢಿ. ಈ ವಾರ ಅದನ್ನು ಅಮಾನತಿನಲ್ಲಿಟ್ಟಿದ್ದೇನೆ. ನಗು ತಡೆಯಲಾಗುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ಐದು ವರ್ಷದ ಹಿಂದೆ ಯಡೂರಿನ ವೀರಭದ್ರನ ಗುಡಿಯ ಮುಂದೆ ನಾವು ಗಂಡ ಹೆಂಡತಿ ಜಗಳವಾಡಿದೆವು. "ಇನ್ನ ಮನೀಗ್ ಬಂದ್ರ ಕೊಂದ ಬಿಡ್ತೀನಿ" ಎಂದೆ. ಯಾವ ಹೆಂಡತಿ ಅನ್ನುವುದಿಲ್ಲ ಹೇಳಿ? ಇವನೊಬ್ಬ ಅದನ್ನು ನಂಬಿದ. ಗುಡಿಯ ಹೊರಗೆ ಬಿಟ್ಟಿದ್ದ ಅವನ ಅಥಣಿ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದರು. ಬರಿಗಾಲಲ್ಲೇ ಬಸ್ಸು ಹತ್ತಿ, ಮಹಾರಾಷ್ಟ್ರದ ದ್ರಾಕ್ಷಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದ. ಒಂಬತ್ತು ದಿನದ ಮೇಲೆ ಕಬ್ಬಿನ ಹೊಲದಲ್ಲಿ ಗುರುತು ಸಿಗದಂತೆ ಸುಟ್ಟ ಹೆಣ, ಬದುವಿನ ಮೇಲೆ ಅದೇ ಚಪ್ಪಲಿ. ಅದಲುಬದಲಾಗದಿರಲೆಂದು ನಾನೇ ಅದರ ಹೆಬ್ಬೆರಳಿನ ಉಂಗುರಕ್ಕೆ ಕೆಂಪು ದಾರ ಸುತ್ತಿದ್ದೆ! ಚಪ್ಪಲಿ ಸಿಕ್ಕ ಮೇಲೆ ಹೆಣದ ಪರೀಕ್ಷೆ ಯಾರಿಗೆ ಬೇಕು?

ಪೊಲೀಸರು ನನ್ನತ್ತ ತಿರುಗಿದರು. ಆಗ ಅಣ್ಣ ಮುಂದೆ ಬಂದು "ನಾನ ಕಡದೇನ್ರಿ" ಎಂದ. ತಂಗಿಯೇ ಕೊಂದಳೆಂದು ಅವನು ನಂಬಿದ್ದ. ಇದು ಹೆಂಗಸಿನ ಕೈಯಿಂದ ಆಗದ ಕೆಲಸವೆಂದು ತೋರಿಸಲು ಏಳು ಕೊಡಲಿ ಏಟು ಸೇರಿಸಿದ, ಜೀವವಿದ್ದಾಗಲೇ ಬೆಂಕಿ ಇಟ್ಟೆನೆಂದ. ಹಲ್ಲಿಯನ್ನೂ ಕಸಬರಿಗೆಯಿಂದ ಮೆಲ್ಲಗೆ ಸರಿಸುವ ಮನುಷ್ಯ! ಆ ಕ್ರೌರ್ಯಕ್ಕೇ ಗಲ್ಲು ಸಿಕ್ಕಿತು. ಅವನೇ ಕೊಂದನೆಂದು ನಾನೂ ನಂಬಿದೆ. ಜೈಲಿಗೆ ಹೋದಾಗಲೆಲ್ಲ ಅವನನ್ನು ಶಪಿಸಿ ಬಂದೆ. ಅವನು ಒಮ್ಮೆಯೂ ಎದುರಾಡಲಿಲ್ಲ.

ಕಳೆದ ಮಂಗಳವಾರ ಗಂಡ ಬಾಗಿಲಲ್ಲಿ ನಿಂತು "ಸಿಟ್ಟ ಇಳದೈತೇನ?" ಎಂದ. ಹಾಗೇ ಜೈಲಿಗೆ ಎಳೆದೊಯ್ದೆ.

"ಎಲ್ಲಿ ಸತ್ತಿದ್ಯೋ ಸಂಗ್ರಾಮ, ಇಷ್ಟ ದಿನಾ!" ಎಂದು ಅಣ್ಣ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರ ನೀ ಕೊಂದಿಲ್ಲಾ ತಂಗಿ?"

"ಅಂದ್ರ ನೀನೂ ಕೊಂದಿಲ್ಲೇನಣ್ಣಾ?"

ಮೂವರೂ ನಕ್ಕ ನಗುವಿಗೆ ಕಾವಲುಗಾರ ಬಂದು ಗದರಿಸಿದ.

ನಿಮ್ಮ ಕಚೇರಿಗೂ ಬಂದೆವು. "ಸತ್ತವರ ಕಡೇವ್ರು ಯಾರ್ರಿ?" ಎಂದು ಗುಮಾಸ್ತರು ಕೇಳಿದಾಗ ನನ್ನ ಗಂಡನೇ ಕೈ ಎತ್ತಿದ. ಸಿಕ್ಕ ಉತ್ತರವೇನು? ಕ್ಷಮಾದಾನದ ಅರ್ಜಿಯಲ್ಲಿ ಅಪರಾಧಿಯ ಪಶ್ಚಾತ್ತಾಪ ಕಾಣುತ್ತಿಲ್ಲ, ತಿದ್ದಿ ತನ್ನಿ. ಯಾತಕ್ಕೆ ಪಶ್ಚಾತ್ತಾಪ ಪಡಬೇಕು ಸ್ವಾಮಿ? ತಂಗಿಯ ಗಂಡ ಸಾಯದೆ ಉಳಿದದ್ದಕ್ಕೇ?

ಆದ್ದರಿಂದ ನನ್ನ ಅಣ್ಣನಿಗೆ ಕ್ಷಮೆ ಬೇಡ. ಅದು ತಪ್ಪು ಮಾಡಿದವರಿಗೆ ಸಲ್ಲುವಂಥದ್ದು, ನಿಮ್ಮಲ್ಲೇ ಇರಲಿ. ಗಲ್ಲು ನಿಲ್ಲಿಸಿ, ಮೊಕದ್ದಮೆ ಮತ್ತೆ ತೆರೆಯಿಸಿ, ಅವನನ್ನು ಮನೆಗೆ ಕಳುಹಿಸಿ. ಅಷ್ಟಕ್ಕೇ ಕಡತ ಮುಚ್ಚಬೇಡಿ. ಆ ಹೊಲದಲ್ಲಿ ಸುಟ್ಟುಹೋದವನು ಯಾರು? ಅವನನ್ನು ನಿಜವಾಗಿಯೂ ಯಾರೋ ಕೊಂದಿದ್ದಾರೆ. ಎಲ್ಲೋ ಒಬ್ಬ ಹೆಂಗಸು ಇವತ್ತೂ ಕುಂಕುಮ ಇಟ್ಟುಕೊಂಡು ಅವನ ದಾರಿ ನೋಡುತ್ತಿರಬಹುದು. ಅವಳನ್ನು ಹುಡುಕಿ.

ಇಂತಿ,
ಯಾರದೋ ಗಂಡನಿಗಾಗಿ ಐದು ವರ್ಷ ಅತ್ತವಳು,
ದ್ರೌಪದಿ, ಕಬ್ಬೂರ