ಕುಂಕುಮ ಹೆಚ್ಚೈತಿ ಅಂದೆ

ಪುಣೆ, ಸೋಮವಾರ

ತಂಗಿ ಉಡಚವ್ವಗ ಅಕ್ಕನ ಆಶೀರ್ವಾದ.

ಎದಿ ಇನ್ನೂ ಡವಡವ ಅನ್ನಾಕತ್ತೈತಿ ನೋಡವ್ವಾ. ಮೊಮ್ಮಗಳು ನೇತ್ರಾ ಇಲ್ಲೆ ಒಂದು ಮಶೀನಿಗೆ ಮಂದಿ ಮಾತು ತಿಳಕೊಂಡು ಸಾಮಾನು ಸೂಚಿಸೋದು ಕಲಸ್ತಾಳ. ಅಕಿ ಕುಂಕುಮದ ಭರಣಿ ತಳಾ ಕಂಡಿತ್ತು. ಹೊಸಾ ಲಗ್ನದ ಹುಡುಗಿ ಮನ್ಯಾಗ ಇಲ್ಲ ಅನ್ನಬಾರದಲ್ಲ, ರೂಢಿಯಂಗ "ಕುಂಕುಮ ಹೆಚ್ಚೈತಿ" ಅಂದೆ. "ಹೆಚ್ಚಾದದ್ದನ್ನು ಇಡಲು ದೊಡ್ಡ ಡಬ್ಬಿ ತರಿಸಲೇ?" ಅಂತು ಆ ಮಶೀನು! ನೇತ್ರಾ ನಕ್ಕೋಂತ ನನ್ನ ಮಾತಿನ ಅರ್ಥ ಅದಕ್ಕ ತಿಳಿಸಿದ್ಲು. ತಗೋ, ಅಕಿ ಗಂಡನ ಮುಂದನ ಒದರಿತು: "ನೇತ್ರಾ ಅವರ ಕುಂಕುಮ ಮುಗಿದಿದೆ!" ನನ್ನ ಜೀವಾನ ಹಾರಿತು. "ಏನು ಅನಬಾರದು ಅನ್ನೋದು ಮೊದಲ ಕಲಸ ಇದಕ್ಕ, ಶಾಣ್ಯಾಕಿ!" ಅಂತ ಬೈದೆ.

ಮೊಣಕಾಲು ಆರಾಮ ಅದಾವ. ಕಾರ್ಡಿನ್ಯಾಗ ಜಾಗಾ ಹೆಚ್ಚೈತಿ, ಸಾಕು.

ನಿಮ್ಮಕ್ಕ ಬಸವಣ್ಣೆವ್ವ