ಗುಳ್ಳದ ಬೀಜದ ಹೊಗೆ

ಕಂಪ್ಲಿ, ೧೯೩೮

ಅವ್ವಾ,

ಬೊಂಬಾಯಿಯ ದಂತವೈದ್ಯ ಕಾಲೇಜಿಗೆ ಅರ್ಜಿ ಹಾಕಬೇಕೆಂದು ಓದುತ್ತಾ ಕೂತಿದ್ದೆ. ನೀರಿನ ಬಟ್ಟಲ ಮೇಲೆ ಗುಳ್ಳದ, ಅಂದರೆ ಕಾಡುಬದನೆಯ, ಬೀಜ ಸುಟ್ಟು ಹೊಗೆ ಹಾಕಿ ನಿನ್ನ ಹಲ್ಲಿನ ಹುಳ ತೆಗೆದಿದ್ದ ಎರ್ರಮ್ಮತ್ತೆ ಇಂದು ತಾನೇ ದವಡೆ ಹಿಡಿದುಕೊಂಡು ಬಂದಳು. ಕಣ್ಣಿನವರೆಗೂ ಬಾವು, ಬಾಯಿ ಎರಡು ಬೆರಳಷ್ಟೂ ತೆರೆಯದು. ನೀನು ಸಾಯುವ ಹಿಂದಿನ ದಿನ ನಿನ್ನದೂ ಹೀಗೇ ಇತ್ತು.

"ನೀನರ ಹೊಗಿ ಹಾಕಪ್ಪ, ಹುಳ ಬಿದ್ರ ಕಡಿಮಿ ಆಕೈತಿ," ಎಂದಳು.

"ಹುಳ ಅಲ್ಲತ್ತಿ, ಕೀವು ತುಂಬೈತಿ. ಹೊಸಪೇಟಿ ಆಸ್ಪತ್ರಿಗೆ ಹೋಗಾನ ಬಾ."

"ನಿಮ್ಮವ್ವಗ ಬಿದ್ದಿದ್ವಲ್ಲೋ. ನೀರಾಗ ನೀನಾ ನೋಡಿದ್ದಿ."

ನೋಡಿದ್ದೆ. ಆ ಬಿಳಿ ಚೂರುಗಳು ಹುಳವಲ್ಲ, ಬಿಸಿಗೆ ಸಿಡಿದ ಬೀಜದವೇ ಎಂದು ಅವಳಿಗೆ ಹೇಳಲಿಲ್ಲ.

ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು. ನಿನ್ನ ಸಲ ಹೊಗೆಯನ್ನೇ ನಂಬಿ ಕೂತಿದ್ದ ಅಪ್ಪ, ಈ ಸಲ ಯಾರೂ ಹೇಳದೆ ತಾನೇ ಗಾಡಿ ಹೂಡಿ ನಿಂತಿದ್ದ.